ಸುಮ್ಮನೆ ಬಿಟ್ಟರೆ ತಾನೇ ಬಂದ್ ಆಗುವ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸುಪರ್ ಮಾರ್ಕೆಟ್ ಹತ್ತಿರದ ನಮ್ಮ ರಿಪೇರಿ ಅಂಗಡಿಗೆ ಬೇಸಿಗೆ ಹತ್ತಿದ ಮೇಲೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ಕೆಲಸ ಮಾಡುವಾಗ ಕಂಪ್ಯೂಟರ್ ಬರೋಬ್ಬರಿ ಇರುತ್ತದೆ, ಚಹಾಕ್ಕೆ ಎದ್ದು ಹೋಗಿ ಬಂದರೆ ಬಂದ್ ಬಿದ್ದಿರುತ್ತದೆ. ಪ್ರಶ್ನೆಗಳನ್ನು ಮಂದಿ ಕೇಳಿದ ಹಾಗೆಯೇ ಬರೆದಿದ್ದೇನೆ. ಉತ್ತರಗಳು ವಿಂಡೋಸ್ 10 ಮತ್ತು 11 ಇರುವವರಿಗೆ.

ಎದ್ದು ಹೋದ್ರ ಸಾಕು, ಬಂದ್ ಆಗ್ತದ. ಎಲ್ಲಿಂದ ಶುರು ಮಾಡ್ಲಿ?

ಮೊದಲು ಅದು ನಿಜವಾಗಿ ಬಂದ್ ಆಗಿದೆಯೋ ಇಲ್ಲವೋ ನೋಡಿ. ತೆರೆ ಕಪ್ಪಾದ ಕೂಡಲೇ ಪವರ್ ಬಟನ್ ಒತ್ತಿಬಿಡಬೇಡಿ. ಕ್ಯಾಬಿನೆಟ್ಟಿನ ಹಿಂದೆ ಕೈ ಹಿಡಿಯಿರಿ, ಗಾಳಿ ಬರುತ್ತಿದೆಯೇ? ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ದೀಪ ಹತ್ತಿ ಆರುತ್ತದೆಯೇ? ಎರಡೂ ಹೌದಾದರೆ ಕಂಪ್ಯೂಟರ್ ಎಚ್ಚರವಾಗಿಯೇ ಇದೆ, ಮಾನಿಟರ್ ಮಾತ್ರ ಮಲಗಿದೆ. ಅಲ್ಲಿ ತೊಂದರೆ ಕೇಬಲ್ಲಿನದು ಅಥವಾ ಗ್ರಾಫಿಕ್ಸ್ ಡ್ರೈವರಿನದು.

ಪವರ್ ದೀಪ ಮಿಣುಕುತ್ತಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಅದು ಸ್ಲೀಪ್. ಎಲ್ಲ ಆರಿಹೋಗಿ, ಮತ್ತೆ ಚಾಲೂ ಮಾಡಿದಾಗ ನೀವು ತೆರೆದಿಟ್ಟಿದ್ದ ಫೈಲುಗಳು ಇದ್ದಲ್ಲೇ ಸಿಕ್ಕರೆ ಅದು ಹೈಬರ್ನೇಟ್. ಎಲ್ಲ ಆರಿ, ತೆರೆದಿದ್ದೆಲ್ಲ ಮಾಯವಾಗಿದ್ದರೆ ಮಾತ್ರ ನಾವು ಹುಡುಕುವ ರೋಗ ಅದು. ನಮ್ಮಲ್ಲಿಗೆ ಆಟೋದಲ್ಲಿ ಹೊತ್ತು ತಂದ ಎಷ್ಟೋ ಕಂಪ್ಯೂಟರುಗಳಿಗೆ ರೋಗವೇ ಇರಲಿಲ್ಲ, ನಿದ್ದೆ ಹತ್ತಿತ್ತು ಅಷ್ಟೇ.

ಸ್ಲೀಪ್ ಆಗಬಾರದು ಅಂದ್ರ ಎಲ್ಲಿ ಬಂದ್ ಮಾಡ್ಬೇಕು?

ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂತ ಹೋಗಿ ಸ್ಲೀಪ್ ಎದುರಿಗೆ 'ನೆವರ್' ಆರಿಸಿ. ಹೈಬರ್ನೇಟ್ ಇನ್ನೂ ಒಳಗೆ ಅಡಗಿರುತ್ತದೆ: ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್, ಅದರಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಮುಂದಿನ ಎಲ್ಲ ಪರೀಕ್ಷೆಗೂ ಮೊದಲು ಇವೆರಡನ್ನೂ ನೆವರ್ ಮಾಡಿಕೊಳ್ಳಿ. ಇಲ್ಲದಿದ್ದರೆ ಯಾವುದು ನಿದ್ದೆ, ಯಾವುದು ಸಾವು ಅಂತ ಗೊತ್ತಾಗುವುದಿಲ್ಲ.

ಇಲ್ಲೊಂದು ಮೋಸ ಇದೆ. ಸ್ಲೀಪ್‌ನಲ್ಲಿ ನಿಮ್ಮ ಕೆಲಸವೆಲ್ಲ ರ‍್ಯಾಮ್‌ನಲ್ಲಿರುತ್ತದೆ, ಆ ತಾತ್ಕಾಲಿಕ ನೆನಪಿಗೆ ಸಣ್ಣ ಕರೆಂಟು ಬೇಕೇ ಬೇಕು. ಮಲಗಿದ ಹೊತ್ತಿನಲ್ಲಿ ಕರೆಂಟು ಒಂದು ಸಲ ಕಣ್ಣು ಮಿಟುಕಿಸಿದರೂ ರ‍್ಯಾಮ್ ಖಾಲಿ. ನೀವು ಬಂದು ನೋಡಿದಾಗ ಕಂಪ್ಯೂಟರ್ ಸತ್ತಿರುತ್ತದೆ, ಬರೆದದ್ದೂ ಹೋಗಿರುತ್ತದೆ. ಇದರಲ್ಲಿ ಕಂಪ್ಯೂಟರಿನ ತಪ್ಪು ಏನೂ ಇಲ್ಲ. ಸ್ಲೀಪ್ ಬೇಕೇ ಬೇಕು ಅನ್ನುವವರು ಅದೇ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಹೈಬ್ರಿಡ್ ಸ್ಲೀಪ್' ಇದ್ದರೆ ಆನ್ ಮಾಡಿಕೊಳ್ಳಿ, ಒಂದು ಪ್ರತಿ ಡಿಸ್ಕಿಗೂ ಹೋಗುತ್ತದೆ.

ಯಾಕ ಬಂದ್ ಆತು ಅಂತ ಕಂಪ್ಯೂಟರ್ ಎಲ್ಲಾರ ಬರೆದು ಇಡ್ತದೇನ್ರಿ?

ಇಡುತ್ತದೆ, ಆದರೆ ಓದುವವರು ಕಡಿಮೆ. ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ, ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಬಂದ್ ಆದ ಹೊತ್ತು ನೋಡಿ, ಅದರ ಆಸುಪಾಸಿನ ಸಾಲುಗಳಲ್ಲಿ ಈ ಸಂಖ್ಯೆಗಳನ್ನು ಹುಡುಕಿ.

42 ಇದ್ದರೆ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದೆ. 1074 ಇದ್ದರೆ ಯಾರೋ ಹೇಳಿ ಬಂದ್ ಮಾಡಿಸಿದ್ದಾರೆ. ಆ 'ಯಾರೋ' ಮನುಷ್ಯನೂ ಆಗಿರಬಹುದು, ವಿಂಡೋಸ್ ಅಪ್‌ಡೇಟೂ ಆಗಿರಬಹುದು. ಯಾವ ಪ್ರೋಗ್ರಾಮ್ ಹೇಳಿತು ಅಂತ ಅದೇ ಸಾಲಿನಲ್ಲಿ ಹೆಸರು ಸಮೇತ ಇರುತ್ತದೆ. 6008 ಮತ್ತು 41 ಇದ್ದರೆ ಹೇಳದೆ ಕೇಳದೆ ನಿಂತಿದೆ ಅಂತ ಅರ್ಥ. ಇವೆರಡೂ ಮತ್ತೆ ಚಾಲೂ ಆದಮೇಲೆ ಬರೆಯುವ ಸಾಲುಗಳು, ಅದಕ್ಕೇ ಅವುಗಳ ಹೊತ್ತು ನೀವು ಬಟನ್ ಒತ್ತಿದ ಹೊತ್ತಿಗೆ ತಾಳೆಯಾಗುತ್ತದೆ. ನಿಂತ ಹೊತ್ತು ಬೇಕಾದರೆ 6008ರ ಒಳಗಿನ ವಾಕ್ಯ ಓದಿ.

42 ಬಂದು, ಅದರ ಮೇಲೆ 41 ಬಂದಿದ್ದರೆ ಮೇಲೆ ಹೇಳಿದ ಮೋಸವೇ: ಮಲಗಿತ್ತು, ಕರೆಂಟು ಹೋಯಿತು.

41 ಅಂತ ಅದ. ಎಸ್‌ಎಂಪಿಎಸ್ ಹೋಗ್ಯಾದ ಅಂತಾರ, ಖರೇನಾ?

ಖರೆ ಇರಬಹುದು, ಇಲ್ಲದೆಯೂ ಇರಬಹುದು. (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ, ಕ್ಯಾಬಿನೆಟ್ಟಿನೊಳಗಿನ ಡಬ್ಬಿ.) 41 ಅಂದರೆ ಹಿಂದಿನ ಸಲ ಸರಿಯಾಗಿ ಬಂದ್ ಆಗಿಲ್ಲ ಅಂತ ಮಾತ್ರ. ಹೆಣ ಸಿಕ್ಕಿದೆ ಅನ್ನುವ ಪಂಚನಾಮೆ ಅದು, ಕೊಂದವರ ಹೆಸರು ಅದರಲ್ಲಿಲ್ಲ. ಆ ಸಾಲಿನ ಡಿಟೇಲ್ಸ್ ತೆರೆದರೆ 'ಬಗ್‌ಚೆಕ್ ಕೋಡ್' ಅಂತ ಇರುತ್ತದೆ. ಅದು ಸೊನ್ನೆ ಅಲ್ಲದಿದ್ದರೆ ತಪ್ಪು ತೋರಿಸುವ ನೀಲಿ ತೆರೆ (ಈಚಿನ ವಿಂಡೋಸ್ 11ರಲ್ಲಿ ಕಪ್ಪು) ಬಂದು ಬಿದ್ದಿದೆ, ಡ್ರೈವರ್ ಅಥವಾ ರ‍್ಯಾಮ್ ಕಡೆ ಹುಡುಕಿ. ಸೊನ್ನೆ ಇದ್ದರೆ ವಿಂಡೋಸ್‌ಗೆ ಬರೆದಿಡಲೂ ಪುರಸೊತ್ತು ಸಿಕ್ಕಿಲ್ಲ. ಕರೆಂಟು, ಯುಪಿಎಸ್, ಎಸ್‌ಎಂಪಿಎಸ್, ಬಿಸಿ, ಪವರ್ ಬಟನ್, ಇವುಗಳಲ್ಲಿ ಒಂದು.

ಕರೆಂಟ್ ಹೋಗೇ ಇಲ್ರಿ, ಫ್ಯಾನ್ ತಿರಗ್ತಾನೇ ಇತ್ತು.

ಎದುರಿಗೆ ಕೂತು ನೋಡಿದ್ದೀರಾ? 'ನಾ ಇಲ್ಲದಾಗಲೇ ಬಂದ್ ಆಗ್ತದ' ಅನ್ನುವುದರ ಅರ್ಧಪಾಲು ಇಲ್ಲೇ ಇದೆ. ನೀವು ಕೂತಿದ್ದಾಗ ಕರೆಂಟು ಮಿಟುಕಿದರೆ ದೀಪ ನೋಡಿ ಗೊತ್ತಾಗುತ್ತದೆ, ಕಂಪ್ಯೂಟರನ್ನು ಯಾರೂ ಬೈಯುವುದಿಲ್ಲ. ನೀವು ಇಲ್ಲದಾಗ ಮಿಟುಕಿದರೆ ಸಾಕ್ಷಿ ಇಲ್ಲ. ಫ್ಯಾನಿಗೂ ಅದು ತಿಳಿಯುವುದಿಲ್ಲ, ಒಂದು ಸೆಕೆಂಡ್ ಕರೆಂಟ್ ಇಲ್ಲದಿದ್ದರೂ ತಿರುಗುತ್ತಲೇ ಇರುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಅರವತ್ತನೇ ಒಂದು ಪಾಲು.

ಸಾಕ್ಷಿ ಹುಟ್ಟಿಸಲು ಒಂದು ಉಪಾಯ ಇದೆ. ಒಳಗೆ ಬ್ಯಾಟರಿ ಇಲ್ಲದ, ಪ್ಲಗ್ಗಿಗೆ ಹಾಕುವ ಡಿಜಿಟಲ್ ಗಡಿಯಾರವನ್ನು ಅದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿಡಿ. ನೀವು ಬಂದಾಗ ಅದು 12:00 ಅಂತ ಮಿಣುಕುತ್ತಿದ್ದರೆ ಕಳ್ಳ ಸಿಕ್ಕ. ಗಡಿಯಾರ ಇಲ್ಲದಿದ್ದರೆ ವೈಫೈ ರೌಟರ್ ಅದೇ ಬೋರ್ಡಿನಲ್ಲಿರಲಿ, ಅದರ ಪುಟದಲ್ಲಿ ಎಷ್ಟು ಹೊತ್ತಿನಿಂದ ಚಾಲೂ ಇದೆ ಅಂತ ತೋರಿಸುತ್ತದೆ.

ಅದೇ ಬೋರ್ಡಿನಲ್ಲಿ ಏರ್ ಕೂಲರ್ ಇದೆಯೇ ನೋಡಿ. ಮಾರ್ಚಿನಿಂದ ಜೂನ್ ತನಕ ನಮ್ಮ ಊರಲ್ಲಿ ಕೂಲರ್ ಇಲ್ಲದ ಕೋಣೆ ಇಲ್ಲ. ಮೋಟಾರು ಚಾಲೂ ಆಗುವ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸಡಿಲ ಸಾಕೆಟ್ ಇದ್ದರೆ ಇನ್ನೂ ಹೆಚ್ಚು. ಕೂಲರಿಗೆ ಬೇರೆ ಪಾಯಿಂಟ್ ಕೊಡಿ, ಮತ್ತು ಅದರ ಹಸಿಗಾಳಿ ನೇರ ಕ್ಯಾಬಿನೆಟ್ಟಿನ ಮೇಲೆ ಬೀಳದಂತೆ ತಿರುಗಿಸಿ.

ಯುಪಿಎಸ್ ಅದ ಅಲ್ರಿ, ಮತ್ಯಾಕ ಬಂದ್ ಆಗ್ತದ?

ಯುಪಿಎಸ್ ಇರುವುದು ಬೇರೆ, ಅದರೊಳಗಿನ ಬ್ಯಾಟರಿ ಬದುಕಿರುವುದು ಬೇರೆ. ಸಾಮಾನ್ಯ 600 ವಿಎ ಪೆಟ್ಟಿಗೆಯೊಳಗೆ 12 ವೋಲ್ಟ್, 7 ಎಎಚ್ ಸೀಸದ ಬ್ಯಾಟರಿ ಇರುತ್ತದೆ. ಈ ಜಾತಿಯ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮೇಲೆ ಪ್ರತಿ 10 ಡಿಗ್ರಿಗೂ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕಸುಬಿನವರ ಲೆಕ್ಕ. ಮೇ ತಿಂಗಳಲ್ಲಿ 42, 43 ಡಿಗ್ರಿ ನೋಡುವ ಊರಲ್ಲಿ ತಗಡಿನ ಕೆಳಗೆ ಕೂತ ಬ್ಯಾಟರಿಯ ಗತಿ ನೀವೇ ಲೆಕ್ಕ ಹಾಕಿ. ಪರೀಕ್ಷೆ ಸುಲಭ: ಎಲ್ಲ ಸೇವ್ ಮಾಡಿ, ಯುಪಿಎಸ್ಸಿನ ಗೋಡೆ ಸ್ವಿಚ್ ಬಂದ್ ಮಾಡಿ. ಐದು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ, ಪೆಟ್ಟಿಗೆ ಬದಲಿಸುವ ಅಗತ್ಯ ಇಲ್ಲ.

ಇನ್ನೊಂದು ಕಾರಣ 'ಸುಮ್ಮನೆ ಬಿಟ್ಟಾಗ' ಅನ್ನುವುದಕ್ಕೆ ನೇರ ಸಂಬಂಧದ್ದು. ಕೆಲವು ಯುಪಿಎಸ್‌ಗಳಿಗೆ ಉಳಿತಾಯದ ಗುಣ ಇರುತ್ತದೆ. ಬ್ಯಾಟರಿ ಮೇಲೆ ನಡೆಯುವಾಗ ಲೋಡ್ ತೀರಾ ಕಡಿಮೆ ಕಂಡರೆ, ಯಾರೂ ಬಳಸುತ್ತಿಲ್ಲ ಅಂದುಕೊಂಡು ತಾನೇ ಆರಿಬಿಡುತ್ತದೆ. ನೀವು ಎದ್ದು ಹೋದಿರಿ, ಮಾನಿಟರ್ ಆರಿತು, ಪ್ರೊಸೆಸರ್ ವಿಶ್ರಾಂತಿಗೆ ಹೋಯಿತು, ಲೋಡ್ ಇಳಿಯಿತು. ಅದೇ ಹೊತ್ತಿಗೆ ಕರೆಂಟು ಹೋದರೆ ಯುಪಿಎಸ್ ಕೈಬಿಡುತ್ತದೆ. ಆಳಂದ ಕಡೆಯ ಒಬ್ಬರ ಆನ್‌ಲೈನ್ ಸೆಂಟರಿನಲ್ಲಿ ಇದನ್ನು ಹಿಡಿಯಲು ನನಗೆ ಮೂರು ಸಲ ಹೋಗಿ ಬರಬೇಕಾಯಿತು. ಕೈಪಿಡಿಯಲ್ಲಿ 'ಗ್ರೀನ್ ಮೋಡ್' ಅಥವಾ 'ನೋ ಲೋಡ್ ಶಟ್‌ಡೌನ್' ಅಂತ ಇದೆಯೇ ನೋಡಿ.

ಮನೀ ಇನ್ವರ್ಟರ್ ಮ್ಯಾಲ ನಡಸಬಹುದಾ?

ನಡೆಸಬಹುದು, ಆದರೆ ಇನ್ವರ್ಟರಿನ ಹಿಂಬದಿಯ ಸಣ್ಣ ಸ್ವಿಚ್ 'ಯುಪಿಎಸ್' ಕಡೆಗೆ ಇರಬೇಕು. ಇನ್ನೊಂದು ಕಡೆಗೆ ಇದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತು 16 ಮಿಲಿಸೆಕೆಂಡಿನ ಆಚೆ ಹೋಗಿ ಕಂಪ್ಯೂಟರ್ ಬೀಳುತ್ತದೆ.

ಕ್ಯಾಬಿನೆಟ್ ಮುಟ್ಟಿದ್ರ ಝುಂ ಅಂತದ. ಇದಕ್ಕೂ ಅದಕ್ಕೂ ಸಂಬಂಧ ಅದನಾ?

ಇರಬಹುದು, ಮತ್ತು ಸಂಬಂಧ ಇಲ್ಲದಿದ್ದರೂ ಮೊದಲು ಇದನ್ನೇ ಸರಿ ಮಾಡಿಸಿ. ಎಸ್‌ಎಂಪಿಎಸ್ಸಿನ ಒಳಗಿನ ಫಿಲ್ಟರ್ ತನ್ನ ಸಣ್ಣ ಸೋರಿಕೆಯನ್ನು ಅರ್ಥ್ ತಂತಿಗೆ ಬಿಡುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೇಲೆ ಕೂತು ನಿಮ್ಮ ಕೈಗೆ ದಾರಿ ನೋಡುತ್ತದೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಬರೋಬ್ಬರಿ ಇದ್ದ ಅರ್ಥಿಂಗ್ ಏಪ್ರಿಲ್ಲಿನಲ್ಲಿ ಹೆಸರಿಗೆ ಮಾತ್ರ ಉಳಿಯುತ್ತದೆ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ. ಎರಡು ಪಿನ್ನಿನ ಸಾಕೆಟ್ಟಿಗೆ ಮೂರು ಪಿನ್ ತುರುಕುವ ಅಡಾಪ್ಟರ್ ಬೇಡ. ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ, ಅದು ಒಂದೆರಡು ವೋಲ್ಟಿನಷ್ಟು ಕಡಿಮೆ ಇರಬೇಕು.

ಬಿಸಿಲಿಗೆ ಬಂದ್ ಆಗ್ತದಂತ ಅಂತಾರ. ಸುಮ್ಮ ಕೂತಾಗ ಹ್ಯಾಂಗ ಬಿಸಿ ಆಗ್ತದ?

ಒಳ್ಳೇ ಪ್ರಶ್ನೆ. ಸುಮ್ಮನೆ ಕೂತ ಪ್ರೊಸೆಸರ್ ಬಿಸಿಯಾಗಬಾರದು. ಆದರೆ ನೀವು ಸುಮ್ಮನಿದ್ದಾಗ ಅದು ಸುಮ್ಮನಿರುತ್ತದೆ ಅಂತ ಯಾರು ಹೇಳಿದರು? ನೀವು ಎದ್ದು ಹೋಗುವುದನ್ನೇ ವಿಂಡೋಸ್ ಕಾಯುತ್ತಿರುತ್ತದೆ. ವೈರಸ್ ಸ್ಕ್ಯಾನ್, ಫೈಲುಗಳ ಪಟ್ಟಿ ತಯಾರಿ, ಡಿಸ್ಕ್ ನಿರ್ವಹಣೆ ಎಲ್ಲ ಆಗಲೇ ಶುರು. ಸ್ವಯಂಚಾಲಿತ ನಿರ್ವಹಣೆಗೆ ಇಟ್ಟ ಹೊತ್ತು ಬೆಳಗಿನ ಜಾವ 2 ಗಂಟೆ. ಆಗ ಕಂಪ್ಯೂಟರ್ ಬಂದ್ ಇದ್ದರೆ ಮರುದಿನ ನೀವು ಊಟಕ್ಕೆ ಎದ್ದಾಗ ಬಾಕಿ ತೀರಿಸುತ್ತದೆ.

ಗಂಜ್ ಕಡೆಯ ಒಂದು ತೊಗರಿ ದಾಲ್ ಮಿಲ್ಲಿನ ಲೆಕ್ಕದ ಕಂಪ್ಯೂಟರ್ ದಿನಾ ಮಧ್ಯಾಹ್ನ ಊಟದ ಹೊತ್ತಿಗೇ ಬಂದ್ ಬೀಳುತ್ತಿತ್ತು. ಬಿಚ್ಚಿ ನೋಡಿದರೆ ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್ ಸಿಂಕಿನ ಸಂದುಗಳಲ್ಲಿ ಬೇಳೆಯ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಗುಮಾಸ್ತರು ಟೈಪ್ ಮಾಡುವಾಗ ಪ್ರೊಸೆಸರಿಗೆ ಕೆಲಸವೇ ಇರಲಿಲ್ಲ, ಅವರು ಎದ್ದ ಮೇಲೆ ಸ್ಕ್ಯಾನ್ ಶುರುವಾಗಿ ಬಿಸಿ ಏರುತ್ತಿತ್ತು. ಬಹುಪಾಲು ಪ್ರೊಸೆಸರುಗಳು 100 ಡಿಗ್ರಿಯ ಆಸುಪಾಸಿನಲ್ಲಿ ಮೊದಲು ವೇಗ ಇಳಿಸುತ್ತವೆ, ಆಮೇಲೂ ಏರಿದರೆ ಜೀವ ಉಳಿಸಿಕೊಳ್ಳಲು ಕರೆಂಟ್ ಕಡಿದುಕೊಳ್ಳುತ್ತವೆ. ಬ್ಲೋವರ್ ಹಿಡಿದು, ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಒಣಗಿದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಬೇರೇನೂ ಮಾಡಲಿಲ್ಲ.

ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ. ಕ್ಯಾಬಿನೆಟ್ಟನ್ನು ನೇರ ಫರಸಿಯ ಮೇಲೆ ಇಡಬೇಡಿ. ಕಸ ಗುಡಿಸಿದ ಧೂಳೆಲ್ಲ ಅದರೊಳಗೇ ಹೋಗುತ್ತದೆ, ಹಲ್ಲಿಗಳಿಗೂ ಎಸ್‌ಎಂಪಿಎಸ್ಸಿನ ಬೆಚ್ಚಗಿನ ಗೂಡು ಇಷ್ಟ. ಎರಡು ಇಟ್ಟಿಗೆ ಸಾಕು. ಎಸ್‌ಎಂಪಿಎಸ್ ಮಾತ್ರ ನೀವಾಗಿ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ನಿಂತಿರಬಹುದು.

ಗೇಮ್ ಆಡಿದ್ರ ಬಂದ್ ಆಗಲ್ಲ, ಖಾಲಿ ಬಿಟ್ರೇ ಆಗ್ತದ. ಎಸ್‌ಎಂಪಿಎಸ್ ಚಲೋ ಅದ ಅಂತ ಅಲ್ಲೇನು?

ಹಾಗಂತ ಹೇಳಲಾಗದು. ಲೋಡ್ ಹೊರಲಾರದ ಎಸ್‌ಎಂಪಿಎಸ್ ಎಲ್ಲರಿಗೂ ಗೊತ್ತು. ಲೋಡ್ ಇಲ್ಲದಿದ್ದರೆ ತಡಬಡಿಸುವ ಎಸ್‌ಎಂಪಿಎಸ್ ಕೂಡ ಇದೆ. ಇಂಟೆಲ್ 2013ರಲ್ಲಿ ತಂದ ನಾಲ್ಕನೇ ತಲೆಮಾರಿನ ಪ್ರೊಸೆಸರುಗಳು ಕೆಲಸವಿಲ್ಲದಾಗ ಎಷ್ಟು ಆಳದ ನಿದ್ದೆಗೆ ಹೋಗಬಲ್ಲವೆಂದರೆ 12 ವೋಲ್ಟಿನ ಸಾಲಿನಿಂದ ಬರೀ 0.05 ಆಂಪಿಯರ್ ಎಳೆಯುತ್ತವೆ. ಹಳೇ ಎಸ್‌ಎಂಪಿಎಸ್‌ಗಳನ್ನು ಮಾಡಿದ್ದು ಕನಿಷ್ಠ 0.5 ಆಂಪಿಯರ್ ಎಳೆಯುತ್ತಾರೆಂಬ ಲೆಕ್ಕದಲ್ಲಿ. ಎಳೆತ ಅದಕ್ಕಿಂತ ಇಳಿದಾಗ ವೋಲ್ಟೇಜ್ ಹಿಡಿತ ತಪ್ಪುತ್ತದೆ, ಒಳಗಿನ ರಕ್ಷಣೆ ಎಚ್ಚೆತ್ತು ಎಲ್ಲ ಬಂದ್ ಮಾಡುತ್ತದೆ. ಹೊಸ ಬೋರ್ಡ್, ಹೊಸ ಪ್ರೊಸೆಸರ್ ತಂದು, ಎಸ್‌ಎಂಪಿಎಸ್ ಮಾತ್ರ 'ಚಲೋ ನಡೀಲಕತ್ತದ, ಇರ್ಲಿ' ಅಂತ ಹಳೆಯದೇ ಉಳಿಸಿಕೊಂಡವರ ಮನೆಯಲ್ಲಿ ಈ ರೋಗ ಕಾಣುತ್ತದೆ.

ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ಚಾಲೂ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ, ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ತೆರೆಯಾದ ಬಯೋಸ್‌ಗೆ ಹೋಗಿ. ಎಎಂಡಿ ರೈಜನ್ ಇದ್ದರೆ 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಹುಡುಕಿ, ಅದನ್ನು 'ಟಿಪಿಕಲ್ ಕರೆಂಟ್ ಐಡಲ್' ಮಾಡಿ. ಇಂಟೆಲ್ ಇದ್ದರೆ 'ಸಿ-ಸ್ಟೇಟ್' ಅಂತಿರುವಲ್ಲಿ ಸಿ6, ಸಿ7 ಅನ್ನುವ ನಿದ್ದೆಯ ಆಳಗಳನ್ನು ಬಂದ್ ಮಾಡಿ. ಎರಡು ದಿನ ಬಿಟ್ಟು ನೋಡಿ. ರೋಗ ಹೋದರೆ ಕಾರಣ ಸಿಕ್ಕಿತು. ಕರೆಂಟು ತುಸು ಹೆಚ್ಚು ಸುಡುತ್ತದೆ, ಅದು ಬೇಡ ಅನಿಸಿದಾಗ ಹೊಸ ಎಸ್‌ಎಂಪಿಎಸ್ ಕೊಳ್ಳಿ. ತೂಕ ಹಿಡಿದು ನೋಡಿ ಕೊಳ್ಳಿ ಅಂತ ನಾನು ಹೇಳುವುದುಂಟು, ನಗಬೇಡಿ. 450 ವ್ಯಾಟ್ ಅಂತ ಚೀಟಿ ಹಚ್ಚಿದ ಹಗುರ ಡಬ್ಬಿಗಳಲ್ಲಿ ಒಳಗೆ ಏನೂ ಇರುವುದಿಲ್ಲ.

ಮಲ್ಟಿಮೀಟರ್ ಇದ್ದವರು ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್ ಇದೆಯೇ ನೋಡಬಹುದು. ಸರಿ ಕಂಡರೂ ಪೂರ್ತಿ ನಂಬಬೇಡಿ, ಕ್ಷಣದೊಳಗೆ ಬಿದ್ದೇಳುವ ವೋಲ್ಟೇಜ್ ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಗೆಳೆಯರ ಹತ್ತಿರದ ಒಳ್ಳೇ ಎಸ್‌ಎಂಪಿಎಸ್ ಎರಡು ದಿನ ತಂದು ಹಾಕುವುದೇ ಪಕ್ಕಾ ಪರೀಕ್ಷೆ.

ಬಯೋಸ್ ತೆರೆಯೊಳಗ ಮೂರು ತಾಸು ಬಿಟ್ಟೆ, ಬಂದ್ ಆಗ್ಲಿಲ್ಲ. ಅಂದ್ರ ವಿಂಡೋಸ್‌ದೇ ತಪ್ಪಲ್ಲಾ?

ಅವಸರ ಬೇಡ. ಬಯೋಸ್ ತೆರೆಯಲ್ಲಿ ಪ್ರೊಸೆಸರ್ ಆ ಆಳದ ನಿದ್ದೆಗೆ ಹೋಗುವುದೇ ಇಲ್ಲ. ಅಲ್ಲಿ ಬಂದ್ ಆದರೆ ವಿಂಡೋಸ್ ನಿರ್ದೋಷಿ ಅನ್ನಬಹುದು, ಬಂದ್ ಆಗದಿದ್ದರೆ ಏನೂ ತೀರ್ಮಾನವಾಗುವುದಿಲ್ಲ. ಪೆನ್ ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿ, ಅದರ ಸ್ಲೀಪನ್ನೂ ಬಂದ್ ಮಾಡಿ, ಸುಮ್ಮನೆ ಬಿಡಿ. ಅಲ್ಲೂ ಬಿದ್ದರೆ ಹಾರ್ಡ್‌ವೇರ್.

ಬರೋಬ್ಬರಿ ಒಂದು ತಾಸಿಗೊಮ್ಮೆ ಬಂದ್ ಆಗ್ತದ್ರಿ, ಗಡಿಯಾರ ಹಚ್ಚಿಟ್ಟಂಗ.

ಹಾರ್ಡ್‌ವೇರಿಗೆ ಗಡಿಯಾರ ನೋಡುವ ಚಟ ಇಲ್ಲ. ನಿಮಗೆ ಹಾಕಿಕೊಟ್ಟದ್ದು ವಿಂಡೋಸ್‌ನ ಇವ್ಯಾಲ್ಯುಯೇಶನ್ ಪ್ರತಿ, ಅಂದರೆ ಪರೀಕ್ಷೆಗೆ ಕೊಡುವ ತಾತ್ಕಾಲಿಕ ಪ್ರತಿ ಇರಬೇಕು. ಎಂಟರ್‌ಪ್ರೈಸ್‌ನದು 90 ದಿನ ನಡೆಯುತ್ತದೆ, ಅವಧಿ ಮುಗಿದ ಮೇಲೆ ಪ್ರತಿ ತಾಸಿಗೊಮ್ಮೆ ತಾನೇ ಬಂದ್ ಆಗುತ್ತದೆ. ಇವೆಂಟ್ ವ್ಯೂವರ್‌ನಲ್ಲಿ 1074 ಇದ್ದು 'ಡಬ್ಲ್ಯೂಎಲ್‌ಎಂಎಸ್' ಅನ್ನುವ ಹೆಸರು ಕಂಡರೆ ಅದೇ. ಹಾಕಿಕೊಟ್ಟವರ ಹತ್ತಿರ ಹೋಗಿ ಸರಿಯಾದ ಲೈಸೆನ್ಸ್ ಕೇಳಿ.

ರಾತ್ರಿ ಚಾಲೂ ಬಿಟ್ಟು ಹೋದ್ರ ಮುಂಜಾನಿ ಎಲ್ಲಾ ಮುಚ್ಚಿರ್ತದ.

ಬಹಳ ಸಲ ಇದು ವಿಂಡೋಸ್ ಅಪ್‌ಡೇಟ್. ಬಂದ್ ಆಗಿ ಮತ್ತೆ ಚಾಲೂ ಆಗಿರುತ್ತದೆ. ಆ್ಯಕ್ಟಿವ್ ಅವರ್ಸ್ ಅಂತ 18 ತಾಸಿನ ತನಕ ಕಾಯ್ದಿರಿಸಬಹುದು, ಆ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡುವುದಿಲ್ಲ. ಸೆಟ್ಟಿಂಗ್ ಏನೇ ಇರಲಿ, ನುಡಿಯಲ್ಲಿ ಟೈಪ್ ಮಾಡಿದ ಮದುವೆ ಪತ್ರಿಕೆಯನ್ನು ಸೇವ್ ಮಾಡದೆ ಮನೆಗೆ ಹೋಗಬೇಡಿ. ಕಚೇರಿ, ಕಾಲೇಜು ಲ್ಯಾಬಿನ ಕಂಪ್ಯೂಟರ್ ಆದರೆ ರಾತ್ರಿ ಬಂದ್ ಮಾಡುವ ಕೆಲಸವನ್ನು ಯಾರೋ ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಟ್ಟು ವರ್ಗವಾಗಿ ಹೋಗಿರಬಹುದು, ಅಲ್ಲೂ ಇಣುಕಿ ನೋಡಿ.

ಪವರ್ ಬಟನ್ನೇ ಕೆಟ್ಟಿದ್ರ ಗೊತ್ತಾಗೋದು ಹ್ಯಾಂಗ?

ಧೂಳು, ಬೆವರು ಸೇರಿ ಬಟನ್ ಒಳಗೇ ಅಂಟಿಕೊಳ್ಳುತ್ತದೆ. ನಾಲ್ಕು ಸೆಕೆಂಡ್ ಒತ್ತಿದಂತಿದ್ದರೆ ಕಂಪ್ಯೂಟರ್ ಏಕ್‌ದಂ ಬಂದ್. ಮದರ್‌ಬೋರ್ಡಿನಲ್ಲಿ ಪವರ್ ಸ್ವಿಚ್ಚಿನ ತಂತಿಯ ತುದಿಯನ್ನು ಅದರ ಎರಡು ಪಿನ್ನಿನಿಂದ ಕಿತ್ತು, ಆ ಜಾಗಕ್ಕೆ ರೀಸೆಟ್ ಬಟನ್ನಿನ ತಂತಿಯ ತುದಿ ಸಿಕ್ಕಿಸಿ. ಇನ್ನು ಮುಂದೆ ರೀಸೆಟ್ಟೇ ನಿಮ್ಮ ಪವರ್ ಬಟನ್. ಎಷ್ಟೋ ಮಂದಿ ಹೀಗೇ ವರ್ಷಗಟ್ಟಲೆ ನಡೆಸಿದ್ದಾರೆ.

ಲ್ಯಾಪ್‌ಟಾಪಿಗೂ ಇದೇ ಎಲ್ಲಾ ಅನ್ವಯ ಆಗ್ತದನಾ?

ಬಿಸಿ, ಸ್ಲೀಪ್, ಅಪ್‌ಡೇಟ್ ಎಲ್ಲ ಅದೇ. ಬ್ಯಾಟರಿ 40 ಪರ್ಸೆಂಟ್ ತೋರಿಸಿ ಫಕ್ಕನೆ ಆರಿದರೆ ಬ್ಯಾಟರಿ ಮುಪ್ಪಾಗಿದೆ. ಇನ್ನೊಂದು ತಮಾಷೆ: ಮುಚ್ಚಳ ಮುಚ್ಚಿದ್ದನ್ನು ಲ್ಯಾಪ್‌ಟಾಪ್ ಅರಿಯುವುದು ಬಹುತೇಕ ಆಯಸ್ಕಾಂತದಿಂದ. ಆಯಸ್ಕಾಂತದ ಕವರ್ ಇರುವ ಮೊಬೈಲನ್ನು ಕೀಬೋರ್ಡಿನ ಪಕ್ಕ ಇಟ್ಟರೆ ತೆರೆದ ಲ್ಯಾಪ್‌ಟಾಪೂ ಮಲಗಿಬಿಡುತ್ತದೆ.

ವೈರಸ್ ಇರಬಹುದಾ? ಫಾರ್ಮ್ಯಾಟ್ ಹೊಡೆದ್ರ ಸರಿ ಆಗ್ತದನಾ?

ನೀವು ಎದ್ದ ಕೂಡಲೇ ಫ್ಯಾನ್ ಜೋರಾಗಿ ಕೂಗಿ, ಮೌಸ್ ಅಲ್ಲಾಡಿಸಿದರೆ ತಣ್ಣಗಾದರೆ ಅನುಮಾನ ಪಡಿ. ನಿಮ್ಮ ಕಂಪ್ಯೂಟರಿನಲ್ಲಿ ಕದ್ದು ಕ್ರಿಪ್ಟೋ ನಾಣ್ಯ ಅಗೆಯುವ ಪ್ರೋಗ್ರಾಮುಗಳು ಹೀಗೆ ಮಾಡುತ್ತವೆ. ವಿಂಡೋಸ್‌ನ ನಿರ್ವಹಣೆಯೂ ಹೀಗೇ ಕಾಣುತ್ತದೆ, ಆದ್ದರಿಂದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿ ಖಾತ್ರಿ ಮಾಡಿಕೊಳ್ಳಿ.

ಫಾರ್ಮ್ಯಾಟ್ ವಿಚಾರ ಹೇಳುವುದಾದರೆ, ಸೊನ್ನೆ ಬಗ್‌ಚೆಕ್ಕಿನ 41 ಇದ್ದವರು ಅದರ ಗೊಡವೆಗೇ ಹೋಗಬೇಡಿ. ನಮ್ಮ ಕಸುಬಿನವರಿಗೆ ಫಾರ್ಮ್ಯಾಟ್ ಸುಲಭದ ಕೂಲಿ, ಅದಕ್ಕೇ ಮೊದಲು ಅದನ್ನೇ ಹೇಳುತ್ತೇವೆ. ಸಡಿಲ ಸಾಕೆಟ್ಟಿಗೆ ಹೊಸ ವಿಂಡೋಸ್ ಹಾಕಿ ಏನು ಬಂತು?

ಅಂಗಡಿಗೆ ತರೋದಿದ್ರ ಏನೇನು ತರಬೇಕು?

ಇವೆಂಟ್ ವ್ಯೂವರಿನ ಆ ಸಾಲುಗಳ ಫೋಟೋ ಮೊಬೈಲಿನಲ್ಲಿ ಹೊಡೆದುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ, ಎದ್ದು ಹೋಗಿ ಎಷ್ಟು ನಿಮಿಷಕ್ಕೆ ಬಂದ್ ಆಯಿತು ಅಂತ ಒಂದು ಚೀಟಿಯಲ್ಲಿ ಬರೆಯಿರಿ, ನಾಲ್ಕೈದು ಸಲದ್ದಾದರೂ ಇರಲಿ. ಕ್ಯಾಬಿನೆಟ್ಟಿನ ಜೊತೆ ನೀವು ಮನೆಯಲ್ಲಿ ಬಳಸುವ ಅದೇ ಪವರ್ ಕೇಬಲ್, ಅದೇ ಯುಪಿಎಸ್ ತನ್ನಿ. ನಮ್ಮ ಅಂಗಡಿಯ ಕೇಬಲ್ಲಿನಲ್ಲಿ ಮೂರು ದಿನ ಬೀಳದೆ ನಡೆದು, ನಿಮ್ಮ ಮನೆಗೆ ಹೋದ ಸಂಜೆಯೇ ಬಂದ್ ಬೀಳುವುದು ಇದರಿಂದಲೇ. ಮಾನಿಟರ್, ಕೀಬೋರ್ಡ್, ಮೌಸ್ ಬೇಡ.